ರಾವುತಣ್ಣನ ಬೇಲಿ, ನನ್ನ ತಂತಿ

ಅಡುಗೆಮನೆಯಲ್ಲಿ ಹುರುಳಿ ಬೇಯತೊಡಗಿದರೆ ನಾನು ಎದ್ದು ಜಗುಲಿಗೆ ಹೋಗಿಬಿಡುತ್ತೇನೆ. ಮಾವನವರಿಗೆ ಹುರುಳಿಕಟ್ಟಿನ ಸಾರು ಸೇರುವುದಿಲ್ಲ ಎಂದು ಸೊಸೆ ಬಹಳ ದಿನ ಅಂದುಕೊಂಡಿದ್ದಳು. ಸಾರು ಸೇರುತ್ತದೆ, ವಾಸನೆ ತಡೆಯುವುದಿಲ್ಲ. ಹುರುಳಿ ಬೆಂದು ಒಡೆಯುವಾಗ ಏಳುವ ಆ ಮಣ್ಣುಮಣ್ಣು ವಾಸನೆ ಮೂಗಿಗೆ ಬಡಿದರೆ ಸಾಕು, ನಮ್ಮ ಹಳೆಯ ಕುದುರೆ ಲಾಯ ಕಣ್ಣಮುಂದೆ ಬರುತ್ತದೆ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕೊಪ್ಪರಿಗೆಯಿಂದ ನಾಲ್ಕು ಕಾಳು ತೆಗೆದು ಬೆರಳಲ್ಲಿ ಹಿಚುಕಿ ನೋಡುತ್ತಿದ್ದ ಮನುಷ್ಯನೂ ಬರುತ್ತಾನೆ.

ಅವನನ್ನು ನಾವು ರಾವುತಣ್ಣ ಎಂದು ಕರೆಯುತ್ತಿದ್ದೆವು. ನನಗಿಂತ ಮೂವತ್ತು ವರ್ಷ ದೊಡ್ಡವನು. ಆದರೂ ನಮ್ಮ ಮನೆಯಲ್ಲಿ ಸಂಬಳಕ್ಕಿದ್ದವನು, ಅದಕ್ಕೇ ಎಲ್ಲರಿಗೂ ‘ಅವನು’. ಈಗಲೂ ಹಾಗೇ ಬರೆಯುತ್ತೇನೆ. ಇಷ್ಟು ಕಾಲದ ಮೇಲೆ ‘ಅವರು’ ಎಂದು ಬರೆದರೆ ಅದೂ ಒಂದು ಸುಳ್ಳಾದೀತು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಮ್ಮೂರು ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ. ಪೆಟ್ರೋಲು ಸಿಗದೆ ಮೋಟಾರುಗಳು ನಿಂತುಹೋಗಿ, ಹಾಸನದ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾಗಳ ಸಾಲು ಬೆಳೆದಿತ್ತು. ನಮ್ಮಪ್ಪ ಊರಿನ ಪಟೇಲರು, ಮೊದಲಿಂದ ಸವಾರಿಗೆಂದು ಒಂದು ಕುದುರೆ ಸಾಕಿದವರು. ಈಗ ನಾಲ್ಕು ಹೆಣ್ಣು ಕುದುರೆ ಕೊಂಡುತಂದು, ಮರಿ ಮಾಡಿಸಿ ಜಟಕಾದವರಿಗೆ ಮಾರುವುದೆಂದು ಹೊರಟರು. ಕೆರೆಯ ಹಿಂದಿನ ಐದೆಕರೆ ಇಳಿಜಾರು ಹುಲ್ಲುಗಾವಲನ್ನು ಅದಕ್ಕೇ ಬಿಟ್ಟರು. ನೋಡಿಕೊಳ್ಳುವುದಕ್ಕೆ ಹೊಳೆನರಸೀಪುರದಿಂದ ರಾವುತಣ್ಣ ಬಂದ. ಹರೆಯದಲ್ಲಿ ಮೈಸೂರಿನ ಕುದುರೆ ಸೈನ್ಯದಲ್ಲಿದ್ದವನು. ಹಿಂದಿನ ಯುದ್ಧದಲ್ಲಿ ಕಡಲಾಚೆಯ ಮರಳುಗಾಡಿಗೆ ಹೋಗಿ, ಎಡಗಾಲು ಕುಂಟಾಗಿಸಿಕೊಂಡು ವಾಪಸು ಬಂದವನು. ಆ ಮಾತನ್ನು ಅವನಾಗಿ ಎತ್ತಿದ್ದು ನನಗೆ ನೆನಪಿಲ್ಲ.

ನಾಲ್ಕರಲ್ಲಿ ಒಂದು ಕೆಂಪಿ. ಕೆಂದು ಬಣ್ಣ, ಹಣೆಯಲ್ಲಿ ವಿಭೂತಿ ಎಳೆದ ಹಾಗೆ ಬಿಳಿ ಗೀರು. ಅದು ಬಂದ ವಾರದಲ್ಲೇ ಬೇಲಿ ಹಾರಿತು. ಆಗ ಇದ್ದದ್ದು ಜಾಲಿಮುಳ್ಳಿನ ಬೇಲಿ, ಎದೆಯೆತ್ತರ. ನಿಂತಲ್ಲಿಂದ ನಾಲ್ಕು ಹೆಜ್ಜೆ ಓಡಿ, ಮುಂಗಾಲು ಮಡಚಿ, ಸಲೀಸಾಗಿ ಆಚೆ ಇಳಿದು, ಯಾರದೋ ರಾಗಿ ಹೊಲದಲ್ಲಿ ನಿಂತು ಮೇಯುತ್ತಿತ್ತು. ಬೇಲಿಯನ್ನು ಒಂದು ಮೊಳ ಎತ್ತರಿಸಿದರೆ ಅದನ್ನೂ ಹಾರುತ್ತಿತ್ತು. ಊರವರು ದಿನಾ ಜಗುಲಿಗೆ ದೂರು ತರುತ್ತಿದ್ದರು. ಮುಂಗಾಲಿಗೆ ಹಗ್ಗ ಕಟ್ಟು, ಕುತ್ತಿಗೆಗೆ ಕೊರಡು ನೇತುಹಾಕು ಎಂದು ಅಪ್ಪ ಹೇಳಿದರು. ರಾವುತಣ್ಣ ಒಪ್ಪಲಿಲ್ಲ.

“ಕಾಲ್ ಕಟ್ಟಿದ್ರೂ ಆರ್ತದೆ ಗೌಡ್ರೆ. ಆರಿ ಬಿದ್ದು ಮುರ್ಕೊಳ್ತದೆ. ನಂಗೆ ಅದ್ನೈದು ದಿನ ಟೇಮ್ ಕೊಡಿ, ಅದ್ಯಾಕ್ ಆರ್ತದೆ ಅಂತ ನೋಡ್ತೀನಿ,” ಅಂದ.

ಹದಿನೈದು ದಿನ ಅವನು ಬೇರೇನೂ ಮಾಡಲಿಲ್ಲ. ಹೊಲದ ನಡುವಿನ ಹುಣಸೆಮರದ ಕೆಳಗೆ ಕೂತು ನೋಡಿದ. ಇಂಟರ್ಮೀಡಿಯೆಟ್ಟಿನಲ್ಲಿ ಎರಡು ಸಲ ಫೇಲಾಗಿ ಮೈಸೂರಿನಿಂದ ಮನೆಗೆ ಬಂದಿದ್ದ ನನಗೆ ಅದು ಬರೀ ಸೋಮಾರಿತನವಾಗಿ ಕಂಡಿತ್ತು. ಹದಿನಾರನೆಯ ದಿನ ಕೆಲಸಕ್ಕೆ ಇಳಿದ. ಹಾರುವುದು ಯಾವಾಗಲೂ ಕೆಳಗಿನ ಮೂಲೆಯಲ್ಲೇ, ಅಲ್ಲಿ ಇಳಿಜಾರು ಓಟಕ್ಕೆ ಅನುಕೂಲ, ಆಚೆಯ ರಸ್ತೆಯೂ ಕಾಣುತ್ತದೆ ಎಂದ. ಬೇಲಿಯ ಒಳಮಗ್ಗುಲಿಗೆ ಎರಡಡಿ ಆಳದ ಅಗಳು ತೋಡಿಸಿ, ಆ ಮಣ್ಣನ್ನು ಆಚೆಗೆ ಏರಿಯಾಗಿ ಹಾಕಿಸಿದ. ರಸ್ತೆಬದಿಯಲ್ಲಿ ಬಲಿತಿದ್ದ ಕತ್ತಾಳೆ ಬುಡಗಳನ್ನು ಕಿತ್ತುತಂದು ಏರಿಯ ಮೇಲೆ ಎರಡು ಸಾಲು ನೆಟ್ಟ. ಕಾಲೂರಿ ಚಿಮ್ಮುವುದಕ್ಕೆ ಗಟ್ಟಿ ನೆಲ ಸಿಗದಿದ್ದರೆ ಕುದುರೆ ಹಾರುವುದಿಲ್ಲವೆಂದು ವಿವರಿಸಿದ. ರಸ್ತೆ ಕಾಣುತ್ತಿದ್ದ ಕಡೆ ತೆಂಗಿನ ಗರಿಯ ತಟ್ಟಿ ಕಟ್ಟಿದ. ಬಾಯಾರಿ ಕೆರೆಯ ಕಡೆ ಹೋಗದಿರಲಿ ಎಂದು ಹೊಲದೊಳಗೇ ಕಲ್ಲಿನ ಬಾನಿ ಇಡಿಸಿ ನೀರು ತುಂಬಿಸಿದ.

ಇಷ್ಟೆಲ್ಲ ಆದ ಮೇಲೆ, ಎಲ್ಲಿಂದಲೋ ಒಂದು ಮುದಿ ಕತ್ತೆ ಹಿಡಿದುಕೊಂಡು ಬಂದ. ಉಳಿದ ಮೂರು ಕುದುರೆ ಒಂದು ಗುಂಪಾಗಿದ್ದವು, ಕೆಂಪಿಯನ್ನು ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಕಚ್ಚಿ ಅಟ್ಟುತ್ತಿದ್ದವು. “ಇದು ಒಂಟಿ ಕಣ್ರಪ್ಪ. ಅದ್ಕೇ ಓಡ್ತದೆ,” ಅಂದ. ಕತ್ತೆಯನ್ನು ಕೆಂಪಿಯ ಪಕ್ಕ ಬಿಟ್ಟ. ಮೂರು ದಿನದಲ್ಲಿ ಎರಡೂ ಒಂದರ ಕುತ್ತಿಗೆಯ ಮೇಲೆ ಒಂದು ಕುತ್ತಿಗೆ ಇಟ್ಟುಕೊಂಡು ನಿಲ್ಲತೊಡಗಿದವು. ಆಮೇಲೆ ಒಂದೂವರೆ ವರ್ಷ ಕೆಂಪಿ ಬೇಲಿಯ ಕಡೆ ತಲೆಯೆತ್ತಿಯೂ ನೋಡಲಿಲ್ಲ.

ಅಪ್ಪನಿಗೆ ರಾವುತಣ್ಣನ ಮೇಲೆ ಬಹಳ ಅಭಿಮಾನ ಹುಟ್ಟಿತು. ಬಂದವರನ್ನೆಲ್ಲ ಹೊಲದ ಹತ್ತಿರ ಕರೆದುಕೊಂಡು ಹೋಗಿ ಬೇಲಿ ತೋರಿಸುತ್ತಿದ್ದರು. “ಓದು ಬರಹ ಇಲ್ದಿದ್ರೂ ತಲೆ ಅಂದ್ರೆ ಇದು,” ಎನ್ನುತ್ತಿದ್ದರು. ಆ ಮಾತು ಯಾರಿಗೆ ತಾಗಬೇಕೋ ಅವನಿಗೆ ತಾಗುತ್ತಿತ್ತು... ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಸುಗ್ಗಿ ಮೊದಲಾಗಿದ್ದ ಒಂದು ದಿನ ಹಾಸನದಿಂದ ನನ್ನ ಮೂವರು ಗೆಳೆಯರು ಬಂದರು. ಕುದುರೆ ತೋರಿಸಲು ಕರೆದೊಯ್ದೆ. ಅವರ ಕಣ್ಣಿಗೆ ಮೊದಲು ಬಿದ್ದದ್ದು ಕತ್ತೆ. “ಪಟೇಲರ ಮನೇಲಿ ಕತ್ತೆ ಸಾಕ್ತಾರೇನಯ್ಯಾ?” ಎಂದು ಒಬ್ಬ ಕೇಳಿದ. ಉಳಿದಿಬ್ಬರು ನಕ್ಕರು. ಅವರು ಊಟ ಮುಗಿಸಿ ಹೊರಡುವ ತನಕ ಅದೇ ತಮಾಷೆ. ರಾವುತಣ್ಣ ಆ ವಾರ ಊರಲ್ಲಿರಲಿಲ್ಲ. ಮಗಳ ಹೆರಿಗೆಯೆಂದು ಹೊಳೆನರಸೀಪುರಕ್ಕೆ ಹೋಗಿದ್ದ. ಹೋಗುವಾಗ ನನ್ನ ಹತ್ತಿರ ಬಂದು, ಐದು ದಿನ ನೋಡಿಕೊಳ್ಳಿ ಸಣ್ಣಗೌಡ್ರೆ, ನೀರು ಹುಲ್ಲು ಸಾಕು, ಇನ್ನೇನೂ ಮುಟ್ಟಬೇಡಿ ಎಂದು ಹೇಳಿಹೋಗಿದ್ದ. ಅಪ್ಪನೂ ನಮ್ಮ ಸೋದರತ್ತೆಯ ಮನೆಗೆ ಅರಕಲಗೂಡಿಗೆ ಹೋಗಿದ್ದರು. ಗೆಳೆಯರು ಹೊರಟ ಮರುದಿನ ನಾನು ಆ ಕತ್ತೆಯನ್ನು ಊರ ಅಗಸನಿಗೆ ಕೊಟ್ಟುಬಿಟ್ಟೆ.

ಅದರ ಮಾರನೆಯ ಬೆಳಿಗ್ಗೆಯೇ ಕೆಂಪಿ ಹಾರಿತು. ಅಗಳನ್ನೂ ಕತ್ತಾಳೆಯನ್ನೂ ದಾಟಿಕೊಂಡೇ ಹಾರಿತು. ಅಂದರೆ ಒಂದೂವರೆ ವರ್ಷ ಅದನ್ನು ಹಿಡಿದು ನಿಲ್ಲಿಸಿದ್ದು ಆ ಮುದಿ ಕತ್ತೆ ಎಂಬುದು ನನಗೆ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಿತು ಕೂಡ. ಆದರೆ ಅಗಸನ ಮನೆಗೆ ಹೋಗಿ ಕೊಟ್ಟ ಕತ್ತೆಯನ್ನು ವಾಪಸು ಕೇಳುವುದು ಯಾರು? ರಾವುತಣ್ಣನ ಬೇಲಿಯೂ ಸೋತಿತು ಎಂಬುದರಲ್ಲಿ ನನಗೊಂದು ಸಂತೋಷವೂ ಇತ್ತು. ಅದನ್ನು ಇಲ್ಲಿ ಬರೆಯಲೇಬೇಕು.

ಹಾಸನದ ಕಂಟ್ರಾಕ್ಟರೊಬ್ಬರನ್ನು ಹಿಡಿದು, ಬಾವಿಯ ಸುತ್ತ ಹಾಕಿಸಲೆಂದು ನಾನು ಒಂದು ಸುರುಳಿ ಮುಳ್ಳುತಂತಿ ತಂದಿಟ್ಟಿದ್ದೆ. ಯುದ್ಧಕಾಲದಲ್ಲಿ ಅದು ಸುಲಭಕ್ಕೆ ಸಿಗುವ ವಸ್ತುವಲ್ಲ. ಹಿಂದೆ ಒಮ್ಮೆ ಅದನ್ನು ಕುದುರೆ ಹೊಲಕ್ಕೂ ಹಾಕೋಣ ಎಂದಾಗ ರಾವುತಣ್ಣ ನನ್ನ ಕೈಯಿಂದ ಅದರ ತುದಿ ಹಿಡಿದು ನೋಡಿ, “ಇದು ಕುದ್ರೆ ಕಣ್ಣಿಗೆ ಕಾಣಾಕಿಲ್ಲ ಸಣ್ಣಗೌಡ್ರೆ. ಇದ್ನ ನಾವು ಮನುಸ್ರನ್ನ ಕೊಲ್ಲಾಕೆ ಕಟ್ತಿದ್ವು,” ಅಂದಿದ್ದ. ಆಗಲೂ ಅಪ್ಪ ಅವನ ಪರವೇ ನಿಂತಿದ್ದರು. ಈಗ ಇಬ್ಬರೂ ಇರಲಿಲ್ಲ. ಆಳುಗಳೆಲ್ಲ ಮೇಲಿನ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದರು. ಕೆಂಪಿಯನ್ನು ಹಿಡಿದು ತಂದು ಹೊಲಕ್ಕೆ ಬಿಟ್ಟು, ಕೆಳಗಿನ ಮೂಲೆಯ ಎರಡು ಮರಗಳ ನಡುವೆ, ಕತ್ತಾಳೆಯ ತಲೆಯಿಂದ ಒಂದು ಮೊಳ ಮೇಲಕ್ಕೆ, ನಾನೊಬ್ಬನೇ ತಂತಿ ಎಳೆದು ಕಟ್ಟಿದೆ. ಒಂದೇ ಎಳೆ.

ಮಧ್ಯಾಹ್ನ ಅಗಸ ಬಟ್ಟೆಯ ಗಂಟನ್ನು ಕತ್ತೆಯ ಮೇಲೆ ಹೇರಿಕೊಂಡು ಕೆರೆಯ ದಾರಿಯಲ್ಲಿ ಹೋದ. ಹೊಲದ ಹತ್ತಿರ ಬಂದಾಗ ಕತ್ತೆ ಅರಚಿತು. ನಾನು ಹುಣಸೆಮರದ ಕೆಳಗೆ ಕೂತಿದ್ದೆ. ಕೆಂಪಿ ಹುಲ್ಲಿನಿಂದ ತಲೆಯೆತ್ತಿ ಕಿವಿ ನಿಮಿರಿಸಿತು, ಒಂದು ಸಲ ಕೆನೆಯಿತು. ಆಮೇಲೆ ಇಳಿಜಾರಿನಲ್ಲಿ ಓಡಿತು. ಕತ್ತಾಳೆಯನ್ನು ಸರಿಯಾಗಿಯೇ ದಾಟುತ್ತಿತ್ತು, ಮುಂಗಾಲುಗಳನ್ನು ತಂತಿ ಹಿಡಿಯಿತು...

ಇಕ್ಕಳ ತಂದು ತಂತಿ ಕತ್ತರಿಸಿದ್ದು ನಾನೇ. ಅದನ್ನು ಸುತ್ತಿ ಪಾಳುಬಾವಿಗೆ ಎಸೆದದ್ದೂ ನಾನೇ. ಕೂಗಿ ಆಳುಗಳನ್ನು ಕರೆದದ್ದು ಆಮೇಲೆ.

ಸಂಜೆ ಅಪ್ಪ ಬಂದರು. ರಾವುತಣ್ಣ ತೋಡಿದ ಅಗಳಿಗೆ ಕಾಲು ಸಿಕ್ಕಿ ಕತ್ತಾಳೆಯ ಮೇಲೆ ಬಿತ್ತು ಎಂದು ಹೇಳಿದೆ. ಅಪ್ಪ ಹೋಗಿ ನೋಡಿದರು. ಬಲಗಾಲಿನ ನರ ತುಂಡಾಗಿ, ಎದೆಯ ಚರ್ಮ ಉದ್ದಕ್ಕೆ ಸೀಳಿತ್ತು. ಮರುದಿನ ಬೆಳಿಗ್ಗೆ ರಾವುತಣ್ಣ ಬಂದ. ಮೊಮ್ಮಗ ಹುಟ್ಟಿದ ಖುಷಿಗೆ ಕೈಯಲ್ಲಿ ಕಲ್ಲುಸಕ್ಕರೆಯ ಪೊಟ್ಟಣ. ಅದನ್ನು ಜಗುಲಿಯ ಮೇಲಿಟ್ಟು ಲಾಯಕ್ಕೆ ಹೋದವನು, ಬಹಳ ಹೊತ್ತು ಕೆಂಪಿಯ ಪಕ್ಕ ಮಂಡಿಯೂರಿ ಕೂತು, ಗಾಯದ ಅಂಚನ್ನು ಬೆರಳಲ್ಲಿ ಸವರಿ ನೋಡಿದ.

“ಇದು ಕತ್ತಾಳೆ ಗೀರಿದ್ದಲ್ಲ ಗೌಡ್ರೆ,” ಅಂದ. “ತಂತಿ ಕುಯ್ದಿರೋದು.”

ಅಪ್ಪ ನನ್ನ ಕಡೆ ತಿರುಗಿದರು. “ಏನ್ಲಾ, ತಂತಿ ಕಟ್ಟಿದ್ಯಾ?”

“ಇಲ್ಲ,” ಅಂದೆ.

ನನ್ನ ಎಡ ಅಂಗೈಯಲ್ಲಿ ತಂತಿ ಚುಚ್ಚಿದ ಗಾಯವಿತ್ತು. ಕೈಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡಿದ್ದೆ. ರಾವುತಣ್ಣ ಕೂತಲ್ಲಿಂದಲೇ ನನ್ನನ್ನು ನೋಡಿದ.

“ಸುಳ್ಳೇಳ್ಬ್ಯಾಡಿ ಸಣ್ಣಗೌಡ್ರೆ. ಅದಿನ್ನೂ ಉಸ್ರಾಡ್ತಾ ಅದೆ.”

ಸಂಬಳದ ಆಳು ಮಗನನ್ನು ಸುಳ್ಳುಗಾರ ಅಂದದ್ದು ಅಪ್ಪನಿಗೆ ಸಹಿಸಲಾಗಲಿಲ್ಲ. ಗಾಯವನ್ನು ಹಿಂದಿನ ಸಂಜೆಯೇ ನೋಡಿದ್ದ ಅವರಿಗೆ ಅದು ಎಂಥದ್ದೆಂದು ತಿಳಿದಿರಲಿಲ್ಲವೆಂದು ನಾನು ನಂಬುವುದಿಲ್ಲ. ಮಗ ಮತ್ತು ಆಳು, ಇಬ್ಬರಲ್ಲಿ ಒಬ್ಬರನ್ನು ಅವರು ಆರಿಸಬೇಕಿತ್ತು, ಆರಿಸಿದರು. “ನಿನ್ ಗುಂಡೀಲಿ ನನ್ ಕುದ್ರೆ ಕೊಂದು, ನನ್ ಮಗನ ಮ್ಯಾಲೆ ಹಾಕ್ತೀಯಾ? ಇವತ್ತೇ ಜಾಗ ಖಾಲಿ ಮಾಡು,” ಎಂದರು.

“ಇದು ಓಗಲಿ, ಆಮ್ಯಾಕ್ ನಾನೂ ಓಯ್ತೀನಿ,” ಅಂದ ರಾವುತಣ್ಣ.

ಮೂರು ದಿನ ಲಾಯ ಬಿಟ್ಟು ಏಳಲಿಲ್ಲ. ನಮ್ಮ ಮನೆಯ ಊಟ ಮುಟ್ಟಲಿಲ್ಲ. ಒಂದು ಸಲ ಮಾತ್ರ ಎದ್ದು, ಅಗಸನ ಮನೆಗೆ ತಾನೇ ಹೋಗಿ, ಕೇಳಿಕೊಂಡು, ಕತ್ತೆಯನ್ನು ಹೊಡೆದುಕೊಂಡು ಬಂದು ಕೆಂಪಿಯ ಮಗ್ಗುಲಲ್ಲಿ ನಿಲ್ಲಿಸಿದ. ಮೂರನೆಯ ದಿನ ಮಧ್ಯಾಹ್ನ ಕೆಂಪಿ ಸತ್ತಿತು. ಹೊಲದಲ್ಲೇ ಗುಂಡಿ ತೋಡಿ ಮಣ್ಣು ಮಾಡಿ, ಕತ್ತೆಯನ್ನು ಅಗಸನಿಗೆ ಒಪ್ಪಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಕುಂಟುತ್ತ ಹೋದ. ಜಗುಲಿಯ ಕಡೆ ತಿರುಗಲಿಲ್ಲ. ಕಲ್ಲುಸಕ್ಕರೆಗೆ ಇರುವೆ ಹತ್ತಿತ್ತು. ಅವ್ವ ಎತ್ತಿ ಬಿಸಾಡಿದರು.

ಅಪ್ಪ ಹಾಸನಕ್ಕೆ ಹೋದಾಗಲೆಲ್ಲ ಜಟಕಾದವರ ಮುಂದೆ ಅದೇ ಮಾತಾಡಿದರು. ಪಟೇಲರ ಮಾತು. ರಾವುತಣ್ಣ ಕೆಲಸ ಕೇಳಿಕೊಂಡು ಹೋದ ಕಡೆಯಲ್ಲೆಲ್ಲ ಅವನಿಗಿಂತ ಮುಂಚೆ ಅದು ಹೋಗಿರುತ್ತಿತ್ತು. ಕುದುರೆ ಕೈಗೆ ಕೊಡುವವರು ಯಾರೂ ಉಳಿಯಲಿಲ್ಲ.

ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ನಮ್ಮ ಎತ್ತಿನ ಜೋಡಿ ಹಗ್ಗ ಹರಿದುಕೊಂಡು ಹೋಗಿ ಯಾರದೋ ಹೊಲ ಮೇಯ್ದವೆಂದು ಚನ್ನರಾಯಪಟ್ಟಣದ ದೊಡ್ಡಿಗೆ ಹೊಡೆದಿದ್ದರು. ಬಿಡಿಸಿಕೊಂಡು ಬರಲು ನಾನು ಹೋದೆ. ದೊಡ್ಡಿಯ ಬಾಗಿಲಲ್ಲಿ ಕೋಲು ಹಿಡಿದು ಕೂತವನು ರಾವುತಣ್ಣ. ತಲೆ ಪೂರಾ ಬೆಳ್ಳಗಾಗಿತ್ತು. ಬೇಲಿ ಮುರಿದು ಬಂದ ದನಗಳನ್ನು ಕಾಯುವುದು ಈಗ ಅವನ ಕೆಲಸ.

“ಯಾರ್ ಎತ್ತು?” ಎಂದು ಕೇಳಿದ.

“ರಾವುತಣ್ಣ... ನಾನು.”

“ಗೊತ್ತು. ಯಾರವು ಅಂತ ಕೇಳ್ಬೇಕು. ಕೆಲ್ಸ.”

“ನಮ್ಮವು,” ಅಂದೆ. ಅವನು ಎದ್ದು ಅಗಣಿ ತೆಗೆದ. ಎತ್ತುಗಳು ಹೊರಗೆ ಬರುವಾಗ ಒಂದರ ಕುತ್ತಿಗೆ ಹಿಡಿದು ನಿಲ್ಲಿಸಿ, ನೊಗ ಕೂರುವ ಜಾಗವನ್ನು ಒತ್ತಿ ನೋಡಿದ. “ಇಲ್ಲಿ ಹುಣ್ಣಾಗ್ತಾ ಅದೆ. ಎಂಟು ದಿನ ಹೂಡ್ಬ್ಯಾಡಿ,” ಅಂದ. “ಅವತ್ತು ನಾನು...” ಎಂದು ಶುರು ಮಾಡಿದೆ.

“ಒಡ್ಕೊಂಡ್ ಓಗಿ ಸಣ್ಣಗೌಡ್ರೆ. ಬಾಗ್ಲು ಆಕ್ಬೇಕು.”

ನಾನು ಎತ್ತು ಹೊಡೆದುಕೊಂಡು ಬಂದೆ. ಅಪ್ಪ ಇರುವ ತನಕ ಬಾಯಿ ಬಿಡುವುದು ಬೇಡ, ಅವರ ಮಾನದ ಪ್ರಶ್ನೆ ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪ ತೀರಿಕೊಂಡರು. ಆಮೇಲೆ ಜಮೀನು ಪಾಲಿನ ಗಲಾಟೆ, ಆಮೇಲೆ ನನ್ನ ಮದುವೆ, ಮಕ್ಕಳು. ಕೊನೆಗೆ ಹೊಳೆನರಸೀಪುರದಲ್ಲಿ ಅವನ ಮನೆ ಹುಡುಕಿಕೊಂಡು ಹೋದಾಗ ಅಲ್ಲಿ ಬೇರೆಯವರಿದ್ದರು. ಮುದುಕ ಸತ್ತು ಆರು ವರ್ಷವಾಯಿತು, ಮಗಳು ಗಂಡನ ಜೊತೆ ಯಾವ ಕಡೆಗೋ ಹೋದಳು ಎಂದರು. ಯಾವ ಕಡೆಗೆ ಎಂದು ನಾನು ಗಟ್ಟಿಯಾಗಿ ವಿಚಾರಿಸಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು ಅಂದುಕೊಂಡೆ.

ಈಗ ನನಗೆ ಅವನು ಸತ್ತಾಗಿನ ವಯಸ್ಸು ದಾಟಿದೆ. ಕುದುರೆ ಹೊಲವನ್ನು ಸೈಟು ಮಾಡಿ ಮಾರಿದ್ದಾಯಿತು. ಹೋದ ತಿಂಗಳು ತಮ್ಮನ ಮೊಮ್ಮಗಳ ಮದುವೆಗೆ ಹಾಸನಕ್ಕೆ ಹೋಗಿದ್ದೆ. ಊಟಕ್ಕೆ ಮುಂಚೆ ತಮ್ಮನೇ ಬೀಗರ ಎದುರು ಹಳೆಯ ಕಾಲದ ಮಾತು ತೆಗೆದ. ನಮ್ಮ ಮನೆಯಲ್ಲಿ ಕುದುರೆಗಳಿದ್ದವು, ಒಬ್ಬ ರಾವುತ ಗುಂಡಿ ತೋಡಿ ಒಳ್ಳೆಯ ಕುದುರೆಯನ್ನು ಕೊಂದ, ಆಮೇಲೆ ನಮ್ಮಣ್ಣನ ಮೇಲೇ ತಪ್ಪು ಹೊರಿಸಲು ನೋಡಿದ ಎಂದು ಹೇಳಿದ. ಅಪ್ಪನ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಎಲ್ಲರೂ ಅಯ್ಯೋ ಎಂದು ತಲೆಯಾಡಿಸಿದರು.

“ಅವನು ಕೊಲ್ಲಲಿಲ್ಲ. ತಂತಿ ಕಟ್ಟಿದ್ದು ನಾನು,” ಅಂದೆ.

ನಾಲ್ಕು ಜನರಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದೆ. ಐವತ್ತು ವರ್ಷ ಬಾಯಿಗೆ ಬಾರದ ಮಾತು. ಬೀಗರು ತಮ್ಮನ ಮುಖ ನೋಡಿದರು. ತಮ್ಮ ನನ್ನ ಭುಜದ ಮೇಲೆ ಕೈಯಿಟ್ಟ.

“ಇರ್ಲಿ ಬುಡಣ್ಣ. ಯಾವ್ ಕಾಲುದ್ದೋ. ಅವ್ನೂ ಸತ್ತ, ಕುದ್ರೇನೂ ಸತ್ತಿತು. ಎಲೆ ಹಾಕವ್ರೆ, ಊಟಕ್ಕೆ ಏಳು.”

ಎದ್ದೆ. ಹೋಗಿ ಎಲೆಯ ಮುಂದೆ ಕೂತೆ. ಬಡಿಸಿದ್ದನ್ನೆಲ್ಲ ತಿಂದೆ.