ಸುಡಲೈಮುತ್ತುವಿನ ಡೀಸೆಲ್ ಕಾರು

ಹೆಸರಿಗೆ ತಕ್ಕ ಹೊಟ್ಟೆಪಾಡು ಎನ್ನುತ್ತಾರಲ್ಲ, ಸುಡಲೈಮುತ್ತುವಿನದು ಹಾಗೆಯೇ ಆಗಿತ್ತು. ಸುಡುಗಾಡು ಕಾಯುವ ದೇವರ ಹೆಸರಿಟ್ಟುಕೊಂಡು ಹುಟ್ಟಿದವನು, ಮೀಸೆ ಚಿಗುರಿದಾಗಿನಿಂದ ನರೆಯುವ ತನಕ ಊರಿನ ಶವವಾಹನ ಓಡಿಸಿದ. ತಾಮ್ರಪರ್ಣಿ ದಂಡೆಯ ಆ ಊರಿನಲ್ಲಿ ಅಳುತ್ತ ಅವನ ಗಾಡಿ ಹತ್ತಿದವರು ಎಲ್ಲ ಮನೆಯಲ್ಲೂ ಉಂಟು. ನಗುತ್ತ ಹತ್ತಿದವರು ಒಬ್ಬರೂ ಇಲ್ಲ. ಚಹಾದಂಗಡಿಯವನು ಕೂಡ ಲೋಟವನ್ನು ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಸರಿದುಕೊಳ್ಳುತ್ತಿದ್ದ.

ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗೆ ಒಂದೇ ಹಂಬಲ. ಹಳೆಯ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸಬೇಕು. ಮದುಮಕ್ಕಳನ್ನು, ಕುತ್ತಾಲದ ಅಬ್ಬಿಗೆ ಮೀಯಲು ಹೋಗುವವರನ್ನು ಕೂರಿಸಿಕೊಳ್ಳಬೇಕು. ಜೀವವಿರುವ ಮನುಷ್ಯ ತಾನಾಗಿ ಬಾಗಿಲು ತೆಗೆದು ತನ್ನ ಗಾಡಿಯಲ್ಲಿ ಕೂರುವುದನ್ನು ನೋಡದೆ ಸಾಯಬಾರದು ಎಂದು ಅವನಿಗೆ ಹಟವೇ ಹುಟ್ಟಿತ್ತು.

ತೆಂಕಾಶಿಯ ದಲ್ಲಾಳಿ ಸೇರ್ಮದುರೈಯ ಕೊಟ್ಟಿಗೆಯಲ್ಲಿ ಎರಡು ಕಾರುಗಳಿದ್ದವು, ಒಂದು ಬಿಳಿಯ ಪೆಟ್ರೋಲು, ಇನ್ನೊಂದು ಬೂದುಬಣ್ಣದ ಡೀಸೆಲ್ಲು. ಯಾವುದೆಂದು ತೀರ್ಮಾನವಾಗದೆ ಇದ್ದಾಗ ಹೆಂಡತಿ ಮುಪ್ಪಿಡಾತಿ ಪೇಚಿಯಮ್ಮನ ಗುಡಿಗೆ ಹೋಗಿ ಹೂವು ಕೇಳಿದಳು. ಪೆಟ್ರೋಲಿಗೆ ಬಿಳಿ ಮಲ್ಲಿಗೆ, ಡೀಸೆಲ್ಲಿಗೆ ಕೆಂಪು ಕಣಗಿಲೆ. ಎರಡನ್ನೂ ಬಾಳೆಲೆಯ ಚೂರಿನಲ್ಲಿ ಒಂದೇ ಹಾಗೆ ಕಟ್ಟಿ ಅಮ್ಮನ ಕಾಲಡಿ ಇಟ್ಟು, ಪೂಜಾರಿಯ ಕೈಯಿಂದ ಒಂದನ್ನು ಎತ್ತಿಸಿದಳು. ಮಲ್ಲಿಗೆ ಬಂತು.

"ಅಮ್ಮ ಹೇಳಿಯಾಯ್ತು. ಪೆಟ್ರೋಲ್‌ದೇ ತಗೊಳ್ಳಿ," ಎಂದಳು.

"ಪೇಚಿಯಮ್ಮ ಯಾವತ್ತಾದ್ರೂ ಬಂಕಿನ ಮುಂದೆ ಗಾಡಿ ನಿಲ್ಸಿದ್ದಾಳೇನೇ? ಬಾಡಿಗೆ ಓಡ್ಸೋನಿಗೆ ಡೀಸೆಲ್ಲೇ ಕೈ ಹಿಡಿಯೋದು."

"ಬಾಯಿ ತೊಳ್ಕೊಳ್ಳಿ ಮೊದ್ಲು! ಕೇಳಿದ್ಮೇಲೆ ತಪ್ಪಿ ನಡೆಯೋದಕ್ಕಿಂತ ಕೇಳದೇ ಇರೋದೇ ವಾಸಿ."

ಪೆಟ್ರೋಲು ಕಾರನ್ನು ಅವನು ನೋಡಲೇ ಇಲ್ಲವೆಂದಲ್ಲ. ಸೇರ್ಮದುರೈ ಕೀಲಿ ತಿರುಗಿಸಿದ. ಎಂಜಿನ್ ಓಡುತ್ತಿದೆಯೋ ಇಲ್ಲವೋ ತಿಳಿಯದೆ ಸುಡಲೈಮುತ್ತು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ.

"ಇದಕ್ಕೆ ಉಸಿರೇ ಇಲ್ವಲ್ಲ ಅಣ್ಣಾಚ್ಚಿ."

"ಅಯ್ಯೋ ಮಂಕೇ, ಅದೇ ಅಲ್ವಾ ಇದರ ಹೆಚ್ಚುಗಾರಿಕೆ! ಹಸುಗೂಸನ್ನ ತೊಡೆ ಮೇಲೆ ಮಲಗಿಸ್ಕೊಂಡು ಹೋದ್ರೂ ಏಳಲ್ಲ."

ಡೀಸೆಲ್ಲಿನದು ಬೇರೆ. ದಡದಡ ಎಂದು ಎದ್ದು ಬಾಗಿಲು, ಸೀಟು, ಸ್ಟೇರಿಂಗು ಎಲ್ಲವನ್ನೂ ನಡುಗಿಸಿತು. ಅವನ ಅಂಗೈಗೆ ಅದು ಗೊತ್ತಿದ್ದ ನಡುಕ. ಬೆನ್ನ ಹಿಂದೆ ಹೆಣ, ಮುಂದೆ ನಿರ್ಜನ ದಾರಿ. ಅಷ್ಟು ವರ್ಷ ಅವನ ಜೊತೆ ಮಾತಾಡಿದ್ದು ಈ ಸದ್ದೊಂದೇ. ಇದು ಬದುಕಿದೆ ಎಂದುಕೊಂಡ. ಅಲ್ಲಿಗೆ ಮಲ್ಲಿಗೆ ಮರೆತೇಹೋಯಿತು.

ಅದನ್ನೇ ಕೊಂಡು ಹೊರಟಾಗ ತೆಂಕಾಶಿಯ ಪೇಟೆಯಲ್ಲಿ ಯಾರೂ ಅವನತ್ತ ತಿರುಗಿ ನೋಡಲಿಲ್ಲ. ಇಬ್ಬರು ಹೆಂಗಸರು ಕೈ ಅಡ್ಡ ಹಿಡಿದು, "ಕುತ್ತಾಲಕ್ಕೆ ಬರ್ತೀರಾ?" ಎಂದೂ ಕೇಳಿದರು. ಚಕ್ರದಡಿ ನಿಂಬೆಹಣ್ಣು ಇಟ್ಟು ಒಡೆಸದೆ ಬಾಡಿಗೆ ಒಪ್ಪುವುದು ಹೇಗೆ? "ನಾಳೆಯಿಂದ ತಾಯಿ!" ಎಂದು ಕೂಗಿ ಹೇಳಿ, ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಬಂದ.

ನಡುಮಧ್ಯಾಹ್ನ ಕಾರು ಅವನ ಬೀದಿಗೆ ತಿರುಗಿತು. ಸೊಪ್ಪಿನವಳು ಕೂಗುವುದನ್ನು ನಿಲ್ಲಿಸಿ ಬುಟ್ಟಿ ಇಳಿಸಿದಳು. ಜಗಲಿಯ ಮೇಲಿದ್ದ ಗಂಡಸರು ಎದ್ದು ನಿಂತು ಹೆಗಲ ಮೇಲಿನ ಟವೆಲು ತೆಗೆದರು. ಒಂದೊಂದೇ ಬಾಗಿಲು ತೆರೆದು ಮುಖಗಳು ಹೊರಗೆ ಬಂದವು. ಆ ದಡದಡಕ್ಕೆ ಊರಿನ ಕಿವಿಯಲ್ಲಿ ಒಂದೇ ಅರ್ಥವಿತ್ತು. ಅದು ಗೊತ್ತಿಲ್ಲದಿದ್ದವನು ಅವನೊಬ್ಬನೇ.

"ಯಾರು ಹೋದ್ರಪ್ಪಾ ಸುಡಲೈ?" ಎಂದು ಒಬ್ಬ ಮೆಲ್ಲಗೆ ಕೇಳಿದ.

"ಯಾರೂ ಹೋಗಿಲ್ಲ ಕಣ್ರಯ್ಯಾ! ಇದು ಬಾಡಿಗೆ ಕಾರು! ನಂದೇ!"

ಯಾರೂ ನಗಲಿಲ್ಲ. ಅವನು ಕಾರನ್ನು ಮುಂದಕ್ಕೆ ಬಿಟ್ಟ.

ಬೀದಿಯ ಕೊನೆಯ ಮನೆಯ ಜಗಲಿಯಲ್ಲಿ ವೆಯಿಲಾಚ್ಚಿ ಕೂತಿದ್ದಳು. ಆಡಿ ತಿಂಗಳಿನಿಂದ ಹಾಸಿಗೆ ಬಿಟ್ಟು ಎದ್ದಿರದ ಮುದುಕಿ. ಈಗ ಮಿಂದು, ತಲೆ ಬಾಚಿ, ಪೆಟ್ಟಿಗೆಯಲ್ಲಿದ್ದ ಮದುವೆಯ ಸೀರೆ ಸುತ್ತಿಕೊಂಡಿದ್ದಳು. ಕಾರು ಎದುರಿಗೆ ಬಂದದ್ದೇ ಗೋಡೆ ಹಿಡಿದು ಇಳಿದು ಬಂದಳು.

"ಏನ್ಲಾ ಸುಡಲೈ, ಇಷ್ಟೊತ್ತಾ? ಊರಾಚೆ ತಿರುವಿನಲ್ಲಿ ಸದ್ದು ಕೇಳ್ದಾಗ್ಲೇ ನೀರು ಹುಯ್ಕೊಂಡೆ. ತೆಗಿ ಬಾಗಿಲು."

"ಆಚ್ಚೀ, ಇದು ಆ ಗಾಡಿ ಅಲ್ಲ. ಇದು ಬದುಕಿರೋರು ಕೂರೋ ಗಾಡಿ."

"ಮತ್ತೆ ನಾನೇನು ಸತ್ತಿದ್ದೀನೇನ್ಲಾ, ಮುಟ್ಠಾಳ?"

ಬಾಗಿಲು ತಾನೇ ತೆಗೆದಳು. ತಾನೇ ಕೂತಳು, ನಗುತ್ತ. ಸುಡಲೈಮುತ್ತುವಿಗೆ ಭಯವಾಯಿತು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಹೊಳೆಯ ಕಡೆಯ ಸುಡುಗಾಡಿನ ದಾರಿ ಬಿಟ್ಟು ಗುಡಿಯ ಬೀದಿಗೆ ಕಾರು ತಿರುಗಿಸಿದ. ಬೀದಿಯ ಎರಡೂ ಬದಿ ಜನ ಕೈಮುಗಿದು ನಿಂತಿದ್ದರು. ಆಚ್ಚಿ ಒಬ್ಬೊಬ್ಬರಿಗೂ ಕೈಬೀಸಿದಳು.

"ತೊಟ್ಟಿಲು ತೂಗಿದ ಹಾಗಿದೆ ಕಣೋ," ಎಂದಳು. ಆಮೇಲೆ ಮಾತಾಡಲಿಲ್ಲ.

"ಆಚ್ಚಿ, ಪೇಚಿಯಮ್ಮನ ಗುಡಿಗೆ ಹೋಗೋಣ್ವಾ?"

ಕನ್ನಡಿಯಲ್ಲಿ ಅವಳ ತಲೆ ಹೂಂ ಎಂಬಂತೆ ಅಲ್ಲಾಡಿತು.

"ಬೇಡ್ವಾ? ಮನೆಗೇ ಹೋಗೋಣ್ವಾ?"

ಅದಕ್ಕೂ ಅಲ್ಲಾಡಿತು.

"ನಾನು ಯಾರು ಹೇಳಿ ನೋಡೋಣ, ಆಚ್ಚಿ?"

ಅದೇ ನಗುಮುಖ, ಅದೇ ತಲೆಯಾಡಿಸುವಿಕೆ. ಗೇರಿನ ಹಿಡಿಯೂ ಅದೇ ಲಯದಲ್ಲಿ ನಡುಗುತ್ತಿತ್ತು, ಕನ್ನಡಿಯೂ ನಡುಗುತ್ತಿತ್ತು. ಅವನು ಹಿಂದಿರುಗಿ ನೋಡಲಿಲ್ಲ, ಕಾರನ್ನೂ ನಿಲ್ಲಿಸಲಿಲ್ಲ. ಗುಡಿ ಸುತ್ತಿದ, ಪೇಟೆ ಸುತ್ತಿದ, ಮತ್ತೆ ಗುಡಿಯ ಕಡೆಗೇ ಬಂದ. ಸುದ್ದಿ ತಿಳಿದು ಓಡಿಬಂದ ಮುಪ್ಪಿಡಾತಿ ದಾರಿಯ ನಡುವೆ ಅಡ್ಡ ನಿಂತುಬಿಟ್ಟಳು. ಬ್ರೇಕು ಹಾಕಿದ. ಎಂಜಿನ್ ಮಾತ್ರ ದಡದಡ ಎನ್ನುತ್ತಲೇ ಇತ್ತು.

ಅವಳು ಕಿಟಕಿಯಲ್ಲಿ ಬಗ್ಗಿ ಹಿಂದಿನ ಸೀಟು ನೋಡಿದಳು.

"ಆಫ್ ಮಾಡಿ ರೀ."

"ಬೇಡ ಕಣೇ. ಆಫ್ ಮಾಡಿದ್ರೆ ಗೊತ್ತಾಗಿಬಿಡುತ್ತೆ."

ಮುಪ್ಪಿಡಾತಿ ಕೈ ಒಳಗೆ ಚಾಚಿ ಕೀಲಿ ತಿರುಗಿಸಿದಳು. ಸದ್ದು ನಿಂತಿತು. ಕನ್ನಡಿಯಲ್ಲಿ ಆಚ್ಚಿಯ ತಲೆಯೂ ನಿಂತಿತು.

ಸುಡಲೈಮುತ್ತು ಮತ್ತೆ ಕೀಲಿಗೆ ಕೈ ಹಾಕಿದ. ಮುಪ್ಪಿಡಾತಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.