ಸೂತಕದವರು ನೋಡಿದ ಪ್ರಾಗ್

ಪ್ರಾಗ್ ನಗರಕ್ಕೆ ಹೋಗಿ ಬಂದ ಕತೆಯನ್ನು ನಮ್ಮ ಮನೆಯವರು ಹೇಳುವಾಗ ಒಂದು ನೀತಿಪಾಠವನ್ನೂ ಸೇರಿಸುತ್ತಾರೆ: ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಯುರೋಪಿಗೆ ಹೋಗಬಾರದು. ಸೊರಬದ ನಮ್ಮ ಮನೆಗೆ ಬಂದವರ ಮುಂದೆ ಅಪ್ಪ ಇದನ್ನು ಹೇಳುತ್ತಾರೆ, ಅಮ್ಮ ತಲೆಯಾಡಿಸುತ್ತಾಳೆ. ಅಷ್ಟು ದೂರ ಹೋಗಿಯೂ ಆ ಊರಿನ ಹಳೆಯ ದೊಡ್ಡ ಚರ್ಚನ್ನು ಹೊರಗಿನಿಂದಲೇ ನೋಡಿ ಬರಬೇಕಾಯಿತಂತೆ. ಯಾಕೆಂದರೆ ಮೊಮ್ಮಗಳು ಒಳಗಿನ ಕತ್ತಲೆಗೆ ಹೆದರಿ ರಂಪ ಮಾಡಿದಳಂತೆ. ಕೇಳಿದವರು ನಗುತ್ತಾರೆ. ಮೊಮ್ಮಗಳು ಅಲ್ಲೇ ಇದ್ದರೆ ಅವಳ ಗಲ್ಲ ಹಿಂಡಿ "ಪುಕ್ಕಲಿ" ಎನ್ನುತ್ತಾರೆ.

ಇದರಲ್ಲಿ ನಿಜ ಒಂದೇ. ಚರ್ಚನ್ನು ನಾವು ಹೊರಗಿನಿಂದ ನೋಡಿದೆವು. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಕಾಲೇಜಿನ ಉದ್ದಕ್ಕೂ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು ನಾನು. ಎದುರಿನವರ ವಾದ ಎಲ್ಲಿ ಸಡಿಲ ಎಂದು ಹುಡುಕುವ ಚಟ ಇನ್ನೂ ಬಿಟ್ಟಿಲ್ಲ. ಇಲ್ಲಿ ಹುಡುಕುವ ಅಗತ್ಯವೂ ಇಲ್ಲ. ನಾನು ಅಲ್ಲೇ ಇದ್ದೆ.

ಹೋದವರು ಅಪ್ಪ, ಅಮ್ಮ, ಶಿಕಾರಿಪುರಕ್ಕೆ ಕೊಟ್ಟ ನನ್ನ ಅಕ್ಕ, ಅವಳ ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮತ್ತು ನಾನು. ಭಾವನಿಗೆ ರಜೆ ಸಿಗಲಿಲ್ಲ. ಶಿವಮೊಗ್ಗದವರೊಬ್ಬರು ನಡೆಸುವ ಟೂರು ಅದು, ಎಲ್ಲಿ ಹೋದರೂ ಒಂದು ಹೊತ್ತು ಅನ್ನ ಸಾರು ಖಾತ್ರಿ ಎಂದಿದ್ದಕ್ಕೆ ಅಪ್ಪ ಒಪ್ಪಿದ್ದು. ನನ್ನನ್ನು ಕರೆದುಕೊಂಡು ಹೋದದ್ದು ಇಂಗ್ಲಿಷ್ ಮಾತಾಡಲು ಮತ್ತು ಮಕ್ಕಳ ಮೂಗು ಒರೆಸಲು. ಮೊದಲನೆಯ ಕೆಲಸ ಹೆಚ್ಚು ಬೀಳಲಿಲ್ಲ.

ಆ ಹುಡುಗಿಗೆ ಪ್ರಾಗ್ ಅಂದರೆ ಆ ಚರ್ಚಿನ ಬಣ್ಣದ ಗಾಜಿನ ಕಿಟಕಿಗಳು. ಹೊರಡುವ ಮೊದಲೇ ನನ್ನ ಮೊಬೈಲಿನಲ್ಲಿ ನೋಡಿ ನೋಡಿ ಇಟ್ಟಿದ್ದಳು. ಬಿಸಿಲಿದ್ದರೆ ಆ ಬಣ್ಣವೆಲ್ಲ ನೆಲದ ಮೇಲೆ ಬೀಳುತ್ತದೆ ಎಂದು ನಾನೇ ಹೇಳಿದ್ದೆ.

"ನಾನು ಅದ್ರ ಮೇಲೆ ನಿಂತ್ರೆ ನಾನೂ ಬಣ್ಣ ಆಗ್ತೀನಾ ಚಿಕ್ಕಿ?"

"ಬಿಳಿ ಬಟ್ಟೆ ಹಾಕ್ಕೊಂಡ್ರೆ ಆಗ್ತೀಯ."

ಆ ದಿನ ಬೆಳಿಗ್ಗೆ ಅವಳು ಬಿಳಿ ಫ್ರಾಕು ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಾಗಿಲ ಹತ್ತಿರ ನಿಂತಿದ್ದಳು. ಆಗ ಅಮ್ಮನ ತಂಗಿಯ ಫೋನ್ ಬಂತು. ಕುಪ್ಪಗಡ್ಡೆಯ ದೊಡ್ಡಪ್ಪ ತೀರಿಕೊಂಡಿದ್ದರು.

ದೊಡ್ಡಪ್ಪ ಎಂದರೆ ಅಪ್ಪನ ದಾಯಾದಿ, ಅಪ್ಪನ ದೊಡ್ಡಪ್ಪನ ಮಗ. ಜಮೀನಿನ ಗಡಿ ಅಳೆಸಿ ಹದ್ದುಬಸ್ತು ಮಾಡಿಸಿದ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟಿದ್ದರು. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಅಪ್ಪ ಬಸ್ಸಿನ ಬೋರ್ಡು ಓದುತ್ತಿದ್ದರು. ಈಗ ಆ ಮನುಷ್ಯ ಸತ್ತ ಕೂಡಲೇ ಸಂಬಂಧ ಎದ್ದು ಕೂತಿತು. ಹತ್ತು ದಿನದ ಸೂತಕ.

ಮೊದಲು ತಲೆಗೆ ಸ್ನಾನ. ಆ ಹೋಟೆಲಿನ ಬಚ್ಚಲಲ್ಲಿ ನೀರು ಹೋಗುವ ದಾರಿ ಇದ್ದದ್ದು ತೊಟ್ಟಿಯೊಳಗೆ ಮಾತ್ರ. ಅಮ್ಮ ತೊಟ್ಟಿಯ ಹೊರಗೆ ನಿಂತು, ಚಹಾಕ್ಕೆ ನೀರು ಕಾಯಿಸುವ ಕೆಟಲ್‌ನಲ್ಲಿ ತಣ್ಣೀರು ತುಂಬಿ ತುಂಬಿ ಸುರಿದುಕೊಂಡಳು. ನೀರು ರೂಮಿಗೆ ಬಂತು, ರೂಮಿನಿಂದ ಹೊರಗಿನ ಜಮಖಾನಕ್ಕೆ ಹೋಯಿತು. ಹೋಟೆಲಿನವಳು ಓಡಿ ಬಂದಾಗ ನಾನು ಏನು ಹೇಳಬೇಕಿತ್ತು? ಮಗು ನೀರಾಟ ಆಡಿತು ಎಂದು ಅಪ್ಪ ಸನ್ನೆ ಮಾಡಿ ತೋರಿಸಿದರು, ನಾಲ್ಕು ವರ್ಷದವನ ಕಡೆಗೆ. ಮಕ್ಕಳ ಮೇಲೆ ಹಾಕುವ ಅಭ್ಯಾಸ ಶುರುವಾದದ್ದು ಅಲ್ಲಿಂದ.

ಚರ್ಚಿನ ಮುಂದೆ ಇಳಿದ ಮೇಲೆ ಅಪ್ಪ ಟೂರು ನಡೆಸುವವರನ್ನು ಪಕ್ಕಕ್ಕೆ ಕರೆದರು. ನಾವು ಒಳಗೆ ಬರುವುದಿಲ್ಲ, ಸೂತಕ ಎಂದರು.

"ಸಾರ್, ಅದು ಚರ್ಚು ಸಾರ್. ನಮ್ಮ ದೇವಸ್ಥಾನ ಅಲ್ವಲ್ಲ."

"ದೇವರಿದ್ದ ಜಾಗ ಎಲ್ಲಾ ಒಂದೇ ಕಣ್ರೀ. ಅವರ ದೇವರು ನಮ್ಮ ದೇವರು ಅಂತ ಭೇದ ಮಾಡಬಾರದು."

ಎಲ್ಲ ಧರ್ಮವೂ ಒಂದೇ ಎಂಬ ಮಾತನ್ನು ಅಪ್ಪನ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಅದೂ ಒಳಗೆ ಹೋಗದೆ ಇರುವುದಕ್ಕೆ.

"ಮತ್ತೆ ನಮ್ಮ ಗುಂಪಿನವರಿಗೆ ಹೇಳ್ಬೇಡಿ. ಊರಿಗೆ ಮುಟ್ಟತ್ತೆ. ಸೂತಕ ಇಟ್ಕೊಂಡು ತಿರುಗ್ತಿದ್ರು ಅಂತಾರೆ."

ನಾನು ಸುಮ್ಮನಿರಲಿಲ್ಲ.

"ಅಪ್ಪಾ, ಅಷ್ಟು ಸೂತಕ ಇದ್ರೆ ಊರಿಗೆ ಹೋಗೋಣ."

"ಹುಚ್ಚೇನೇ ನಿಂಗೆ? ಟಿಕೆಟ್ಟು ಯಾರಪ್ಪಂದು?"

"ನಮ್ಮಪ್ಪಂದೇ. ಅದಿರ್ಲಿ, ಅಕ್ಕಂಗೆ ಯಾವ ಸೂತಕ? ಕೊಟ್ಟ ಹೆಣ್ಣು ಗಂಡನ ಗೋತ್ರ. ಅವಳ ಮಕ್ಕಳಿಗಂತೂ ಎಂಥದೂ ಇಲ್ಲ. ಇದು ನನ್ನ ಶಾಸ್ತ್ರ ಅಲ್ಲ, ನಿಮ್ದೇ."

ವಾದ ಸೋತವರು ಏನು ಮಾಡುತ್ತಾರೋ ಅಪ್ಪ ಅದನ್ನೇ ಮಾಡಿದರು. "ನಿನ್ನ ಡಿಬೇಟು ಕಾಲೇಜಲ್ಲಿ ಇಟ್ಕೋ" ಎಂದರು. ಅಮ್ಮ ಇನ್ನೊಂದು ದಾರಿ ಹಿಡಿದಳು.

"ನಮ್ಮನ್ನ ಮುಟ್ಟಿ, ನಮ್ಮ ಜೊತೆ ಒಂದೇ ರೂಮಲ್ಲಿ ಉಂಡು, ಈಗ ದೇವರ ಮನೆ ಹತ್ತೋದಾ? ಹತ್ತಿ. ನಾಳೆ ಮಕ್ಕಳಿಗೆ ಏನಾದ್ರೂ ಆದ್ರೆ ನಾನು ಬದುಕಿರಲ್ಲ." ಹೇಳಿ ಅಲ್ಲೇ ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ಸೆರಗು ಬಾಯಿಗೆ ಒತ್ತಿ ಅಳತೊಡಗಿದಳು.

ನಾನು ಹುಡುಗಿಯ ಕೈ ಹಿಡಿದೆ. ಗುಂಪಿನವರು ಸಾಲಿನಲ್ಲಿ ಒಳಗೆ ಹೋಗುತ್ತಿದ್ದರು. ಬಿಸಿಲೂ ಇತ್ತು. ಅವಳು ನನ್ನ ಜೊತೆ ಬಾಗಿಲವರೆಗೆ ಬಂದಳು. ಹಿಂದಿರುಗಿ ನೋಡಿದಳು. ನನ್ನ ಕೈಯಿಂದ ಬೆರಳು ಬಿಡಿಸಿಕೊಂಡಳು.

"ಬೇಡ ಚಿಕ್ಕಿ. ಅಜ್ಜಿ ಅಳ್ತಿದಾರೆ."

ಹೋಗಿ ಅಜ್ಜಿಯ ಪಕ್ಕ ಕುಳಿತಳು. ರಂಪವೂ ಇಲ್ಲ, ಹೆದರಿಕೆಯೂ ಇಲ್ಲ. ಅಕ್ಕ ಅಲ್ಲೇ ನಿಂತು ಮಗನ ಜಾಕೀಟಿನ ಜಿಪ್ಪು ಹಾಕುತ್ತಿದ್ದಳು. ಆ ಜಿಪ್ಪು ಅಷ್ಟು ಹೊತ್ತು ಹಿಡಿಯುವಂಥದ್ದಲ್ಲ. ಅವಳು ಒಂದು ಮಾತು ಆಡಿದ್ದರೆ, "ನನ್ನ ಮಕ್ಕಳು, ನಾನು ಕರ್ಕೊಂಡು ಹೋಗ್ತೀನಿ" ಎಂದಿದ್ದರೆ, ವಾದ ಮುಗಿಯುತ್ತಿತ್ತು. ಅವಳು ಜಿಪ್ಪು ಹಾಕಿದಳು.

ಗುಂಪಿನವರು ಹೊರಗೆ ಬಂದರು. ಸಾಗರದ ಕಡೆಯ ಹೆಂಗಸೊಬ್ಬರು, "ಎಂಥಾ ಕಿಟಕಿ ಮಾರಾಯ್ರೆ! ನೀವ್ಯಾಕೆ ಬರ್ಲಿಲ್ಲ?" ಎಂದು ಕೇಳಿದರು.

"ಎಂಥ ಮಾಡೋದು," ಎಂದರು ಅಪ್ಪ, ಹುಡುಗಿಯ ತಲೆ ಸವರುತ್ತ. "ಮೊಮ್ಮಗಳು ಒಳಗಿನ ಕತ್ತಲೆ ನೋಡಿ ಹೆದರಿಬಿಟ್ಲು. ಒಂದೇ ಸಮ ಅಳು."

ಹುಡುಗಿ ತಲೆಯೆತ್ತಿ ಅಜ್ಜನನ್ನು ನೋಡಿದಳು. ಆಮೇಲೆ ತನ್ನ ಅಮ್ಮನನ್ನು ನೋಡಿದಳು. ಅಕ್ಕ ಮತ್ತೆ ಮಗನ ಜಿಪ್ಪಿಗೆ ಕೈ ಹಾಕಿದಾಗ ಹುಡುಗಿ ತನ್ನ ಬೂಟು ನೋಡಿಕೊಂಡಳು. "ಸುಳ್ಳು" ಎಂದು ನಾನು ಹೇಳುವಷ್ಟರಲ್ಲಿ ಆ ಹೆಂಗಸು ಬ್ಯಾಗಿನಿಂದ ಚಾಕಲೇಟು ತೆಗೆದು ಪುಕ್ಕಲಿಗೆ ಕೊಟ್ಟಾಗಿತ್ತು. ನನ್ನ ಮಾತು ಯಾರಿಗೂ ಬೇಕಿರಲಿಲ್ಲ.

ಮಧ್ಯಾಹ್ನ ನಾವು ನದಿಯಲ್ಲಿ ದೋಣಿ ಹತ್ತಿದೆವು. ಐಸ್‌ಕ್ರೀಮು ತಿಂದೆವು. ಹಳೆಯ ಸೇತುವೆಯ ಮೇಲೆ ಅಪ್ಪ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಸೂತಕಕ್ಕೆ ಇದಾವುದೂ ಅಡ್ಡಿಯಾಗಲಿಲ್ಲ.

ಊರಿಗೆ ಬಂದ ಮೇಲೆ ಅಪ್ಪ ಕುಪ್ಪಗಡ್ಡೆಗೆ ಹೋಗಿ ದೊಡ್ಡಪ್ಪನ ಮಕ್ಕಳ ಮುಂದೆ ಕಣ್ಣೊರೆಸಿಕೊಂಡರು. ಪ್ರಾಗ್‌ನಲ್ಲಿ ನೆಟ್‌ವರ್ಕ್ ಇರಲಿಲ್ಲ, ವಿಷಯ ವಿಮಾನ ಇಳಿದ ಮೇಲೆಯೇ ಗೊತ್ತಾದದ್ದು ಎಂದರು. ಅವರು ನಂಬಿದರು. ಅವರ ಮನೆಯಲ್ಲೂ ಫೋನು ಮಾತಾಡಬೇಕೆಂದರೆ ಗೇಟಿನ ತನಕ ಬರಬೇಕು. ಯುರೋಪೂ ಹಾಗೇ ಇದ್ದೀತು. ಆದರೆ ಗುಂಪಿನವರು ಚರ್ಚಿನೊಳಗೆ ತೆಗೆಸಿಕೊಂಡ ಫೋಟೋ ಎಲ್ಲರ ಮೊಬೈಲಿಗೂ ಬಂದಿತ್ತು. ಅದರಲ್ಲಿ ನಾವು ಮಾತ್ರ ಇಲ್ಲ. ನೋಡಿದವರೆಲ್ಲ ಯಾಕೆ ಎಂದು ಕೇಳಿದರು. ಹೀಗಾಗಿ ಆ ಹುಡುಗಿ ಸೊರಬದಲ್ಲಿ ಹೆದರಿದಳು, ಕುಪ್ಪಗಡ್ಡೆಯಲ್ಲಿ ಹೆದರಿದಳು, ಶಿಕಾರಿಪುರದಲ್ಲಿ ಅಕ್ಕನ ಪಕ್ಕದ ಮನೆಯವರ ಮುಂದೆಯೂ ಹೆದರಿದಳು. "ಏನ್ರೀ, ಅಷ್ಟು ದೂರ ಹೋಗಿ ಬರೇ ಬಾಗ್ಲಾ ನೋಡ್ಕೊಂಡು ಬಂದ್ರಂತಲ್ರೀ!" ಎಂದು ಆ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ನಗುವಾಗ ಅಕ್ಕನೂ ನಕ್ಕಳು. ನಾನು ಪ್ರತಿ ಸಲವೂ ತಿದ್ದಲು ಹೋದೆ. ಪ್ರತಿ ಸಲವೂ ಅಪ್ಪ "ಇವಳೊಬ್ಬಳು ಲಾಯರು" ಎನ್ನುತ್ತಿದ್ದರು, ಅದಕ್ಕೂ ಒಂದು ನಗು ಬೀಳುತ್ತಿತ್ತು. ನಗುವಿನ ಮುಂದೆ ಯಾವ ವಾದವೂ ನಿಲ್ಲುವುದಿಲ್ಲ. ಇದನ್ನು ಚರ್ಚಾಸ್ಪರ್ಧೆಯಲ್ಲಿ ಯಾರೂ ಕಲಿಸಿರಲಿಲ್ಲ.

ಕಳೆದ ವಾರ ಶಿಕಾರಿಪುರಕ್ಕೆ ಹೋಗಿದ್ದೆ. ಹುಡುಗಿಯ ಶಾಲೆಯವರು ಮಕ್ಕಳನ್ನು ತಾಳಗುಂದಕ್ಕೆ ಕರೆದುಕೊಂಡು ಹೋಗುವವರಿದ್ದರು, ಹಳೆಯ ಶಾಸನ ಮತ್ತು ಗುಡಿ ತೋರಿಸಲು. ಅವಳ ತರಗತಿಯಲ್ಲಿ ಹೋಗದೆ ಉಳಿಯುವವಳು ಅವಳೊಬ್ಬಳೇ ಎಂದು ಅವಳ ತಮ್ಮ ವರದಿ ಒಪ್ಪಿಸಿದ.

"ಯಾಕೇ?" ಎಂದೆ.

"ಗುಡಿ ಒಳಗೆ ಕತ್ತಲೆ ಇರತ್ತಲ್ಲ ಚಿಕ್ಕಿ. ನಾನು ಹೆದರಿ ಅತ್ತುಬಿಟ್ರೆ ಎಲ್ರೂ ಹೊರಗೇ ಕೂರ್ಬೇಕಾಗತ್ತೆ. ಮಿಸ್ಸೂ ಒಳಗೆ ಹೋಗಕ್ಕಾಗಲ್ಲ."

"ನೀನು ಯಾವತ್ತು ಹೆದರಿ ಅತ್ತಿದ್ದು?"

"ಪ್ರಾಗ್‌ನಲ್ಲಿ."

ನಾನು ಅವಳ ಮುಖ ನೋಡಿದೆ. ಸುಳ್ಳು ಹೇಳುತ್ತಿರಲಿಲ್ಲ. ನೆನಪು ಮಾಡಿಕೊಂಡು ಹೇಳುತ್ತಿದ್ದಳು.

"ನೀನು ಹೆದರಲಿಲ್ಲ. ನನ್ನ ಜೊತೆ ಬಾಗಿಲವರೆಗೂ ಬಂದಿದ್ದೆ. ಅಜ್ಜಿ ಅಳ್ತಿದ್ರು ಅಂತ ವಾಪಸ್ ಹೋದೆ."

"ಇಲ್ಲ ಚಿಕ್ಕಿ," ಎಂದಳು, ತಪ್ಪು ತಿದ್ದುವವಳಂತೆ. "ಅಜ್ಜಿ ಅತ್ತಿದ್ದು ನಾನು ಹೆದರಿದ್ದಕ್ಕೆ. ಅಜ್ಜ ಹೇಳಿದಾರೆ. ನಿಂಗೆ ಮರ್ತೋಗಿದೆ."

ಅಕ್ಕ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಅವರೆಕಾಯಿ ಬಿಡಿಸುತ್ತಿದ್ದಳು. ಎಲ್ಲ ಕೇಳಿಸಿತ್ತು.

"ಬಿಡೇ," ಎಂದಳು ನನ್ನ ಕಡೆ ತಿರುಗದೆ. "ಒಂದು ತಾಳಗುಂದಕ್ಕೆ ಹೋಗದಿದ್ರೆ ಏನು ಮುಳುಗಿ ಹೋಗತ್ತೆ? ಇಲ್ಲೇ ಇದೆ, ಇನ್ನೊಂದ್ಸಲ ನಾವೇ ಕರ್ಕೊಂಡು ಹೋಗೋಣ. ನೀನು ಎಲ್ಲದಕ್ಕೂ ವಾದ ತೆಗೀಬೇಡ."

ನಾನು ವಾದ ತೆಗೆಯಲಿಲ್ಲ. ಹುಡುಗಿಯನ್ನು ಕರೆದುಕೊಂಡು ಬಂದು ಅಕ್ಕನ ಎದುರು ನಿಲ್ಲಿಸಿದೆ. ಇವಳಿಗೆ ನನ್ನ ಸಾಕ್ಷಿ ಸಾಲುತ್ತಿಲ್ಲ. ಅಪ್ಪ ಅಮ್ಮನನ್ನು ಬಿಟ್ಟರೆ ಅವತ್ತು ಅಲ್ಲಿದ್ದ ಇನ್ನೊಬ್ಬಳು ಅಕ್ಕ ಮಾತ್ರ. ಅವರೆಕಾಯಿಯ ಮೇಲಿದ್ದ ಅವಳ ಬೆರಳುಗಳು ನಿಂತವು.

"ಅಕ್ಕಾ, ಮಗಳ ಮುಖ ನೋಡಿ ಹೇಳು. ಅವತ್ತು ಇವಳು ಹೆದರಿದ್ಳಾ?"