ಆರು ರೊಟ್ಟಿ ಎತ್ತರದ ದೊನ್ಯಾ ಟೊಮಾಸಾ

ನಮ್ಮ ಅಟ್ಲಿಸ್ಕೊ ಊರಿನ ಮಾರುಕಟ್ಟೆಯ ಬೋರ್ಡುಗಳನ್ನೂ ಅವುಗಳ ಮೇಲಿನ ಚಿತ್ರಗಳನ್ನೂ ಬರೆದವರು ದೊನ್ ಎರ್ಮಿಲೊ. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಕ್ಷೌರದಂಗಡಿಯ ಗಿರಾಕಿ, ಕುಸ್ತಿಪಟು, ಬಟ್ಟೆ ಅಂಗಡಿಯ ಮದುಮಗಳು, ಯಾರೇ ಆಗಲಿ, ಅವರ ಕೈಯಲ್ಲಿ ಏಳೂವರೆ ತಲೆ ಎತ್ತರ. ತಲೆಯ ಉದ್ದವನ್ನು ಏಳೂವರೆ ಸಲ ಇಟ್ಟರೆ ಮನುಷ್ಯನಾಗುತ್ತಾನೆ ಎಂದು ಅವರ ಅಪ್ಪ ಹೇಳಿಕೊಟ್ಟಿದ್ದರು. ಬೆಳಕು ಎಡಗಡೆ ಮೇಲಿನಿಂದ, ನೆರಳು ಬಲಗಡೆ, ನೆರಳಿಗೆ ಕಪ್ಪು ಬಣ್ಣ. ಇದುವರೆಗೆ ಯಾವ ಕುಸ್ತಿಪಟುವೂ ಬಂದು ಜಗಳವಾಡಿರಲಿಲ್ಲ.

ಜಗಳವಾಡಿದ್ದು ದೊನ್ಯಾ ಟೊಮಾಸಾ. ರೊಟ್ಟಿಯೊಳಗೆ ಕುಂಬಳದ ಹೂವು ತುಂಬಿ ಮಡಚಿದ ಕೆಸಾಡಿಯಾ ಸುಡುವ ಅವರ ಅಂಗಡಿ ಮಾರುಕಟ್ಟೆಯ ಬಾಗಿಲ ಬಳಿ, ನಮ್ಮ ಹಣ್ಣಿನಂಗಡಿಯ ಎದುರಿಗೇ ಇತ್ತು. ನೆಲದ ರಿಪೇರಿಗೆಂದು ಸೋಮವಾರದಿಂದ ಅವರನ್ನು ಹಿಂದಿನ ಸಾಲಿಗೆ, ಪೊರಕೆ ಮಾರುವವರ ಆಚೆಗೆ ಹಾಕಿದ್ದರು. ಬೆನ್ನ ಮೇಲೆ ಮೂಟೆ ಹೊತ್ತ ಗಿರಾಕಿಗಳು ಅಕ್ಷರ ಓದುತ್ತ ನಿಲ್ಲುವುದಿಲ್ಲ. ಬಾಗಿಲಲ್ಲಿ ಟೊಮಾಸಾ ಅವರ ಚಿತ್ರ, ಪಕ್ಕದಲ್ಲೊಂದು ಬಾಣ ಇದ್ದರೆ ಬರುತ್ತಾರೆ. ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ಸಿಕ್ಕಿದ್ದನ್ನು ತಿಂದು ಹೋಗುತ್ತಾರೆ.

ಗುರುವಾರ ಎರ್ಮಿಲೊ ಬೋರ್ಡು ತಂದು ಬಾಗಿಲಿಗೆ ತೂಗುಹಾಕಿದರು. ಹನ್ನೆರಡು ವರ್ಷದಿಂದ ಟೊಮಾಸಾ ಅವರ ಹತ್ತಿರವೇ ತಿಂಡಿ ತಿನ್ನುವ ಹಮಾಲಿ ನಿಕಾನೊರ್ ಅದರ ಮುಂದೆ ನಿಂತ.

“ಯಾರಿದು ಈಯಮ್ಮ? ಗಡ್ಡ ಬೇರೆ ಬಂದಿದೆ.”

ಚಿತ್ರದ ಹೆಂಗಸು ಗಳುವಿನ ಹಾಗೆ ಉದ್ದಕ್ಕಿದ್ದಳು. ಅವಳ ಗಲ್ಲದ ಸುತ್ತ ದಟ್ಟ ಕಪ್ಪು ನೆರಳಿತ್ತು. ಟೊಮಾಸಾ ಕೈ ಒರೆಸಿಕೊಂಡು ಬಂದು ನೋಡಿದರು.

“ದೊನ್ ಎರ್ಮಿಲೊ, ಗಿರಾಕಿಗಳು ಇವಳನ್ನ ಹುಡುಕ್ಕೊಂಡು ಹೋಗ್ತಾರೆ. ನನ್ನನ್ನ ಹುಡುಕ್ಕೊಂಡು ಯಾರ್ರೀ ಬರ್ತಾರೆ?”

ಎರ್ಮಿಲೊ ಬೋರ್ಡನ್ನು ವಾಪಸು ಒಯ್ದರು. ಶುಕ್ರವಾರ ಬೆಳಿಗ್ಗೆ ಬಂದು, ಕುಂಚವನ್ನು ತೋಳುದ್ದ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆಯತೊಡಗಿದರು. ಟೊಮಾಸಾ ಬಗ್ಗುವರು, ತಿರುಗುವರು, ಅಳತೆ ತಪ್ಪುವುದು. ಕೊನೆಗೆ ಬೇಸತ್ತ ಟೊಮಾಸಾ ಒಂದು ರೊಟ್ಟಿಯನ್ನು ಅವರ ಕೈಗಿಟ್ಟು, ತಿಂದು ಮನೆಗೆ ಹೋಗಿ ಎಂದರು. ಎರ್ಮಿಲೊ ತಿನ್ನಲಿಲ್ಲ. ರೊಟ್ಟಿಯನ್ನು ಟೊಮಾಸಾ ಅವರ ಮುಖದ ಪಕ್ಕ ಹಿಡಿದರು. ತುರುಬಿನಿಂದ ಗಲ್ಲದವರೆಗೆ ಸರಿಯಾಗಿ ಒಂದು ರೊಟ್ಟಿ. ಅಲ್ಲಿಂದ ಒಂದೊಂದೇ ಅಳತೆ ಇಳಿಸುತ್ತ ಬಂದು ಚಪ್ಪಲಿ ಮುಟ್ಟಿದಾಗ ತಲೆಯೂ ಸೇರಿ ಒಟ್ಟು ಆರು. ಭುಜದಿಂದ ಭುಜಕ್ಕೆ ಎರಡು.

“ಒಂದೂವರೆ ರೊಟ್ಟಿ ಜಾಸ್ತಿ ಹಾಕ್ಬಿಟ್ಟಿದ್ದೆ.”

“ಅದಕ್ಕೇ ಹಂಗೆ ಬೆಳೆದಿದಾಳೆ ಅವಳು,” ಎಂದರು ಟೊಮಾಸಾ.

ನೆರಳು ಇನ್ನೂ ಕಷ್ಟವಾಯಿತು. ಅಂಗಡಿಯ ಮೇಲೆ ತಗಡಿನ ಮಾಡು. ಟೊಮಾಸಾ ಅವರ ಮುಖಕ್ಕೆ ಬೆಳಕು ಬರುವುದು ರೊಟ್ಟಿ ಸುಡುವ ಹೆಂಚಿನ ಕೆಳಗಿನ ಕೆಂಡದಿಂದ. ಹಾಗೆ ಕೆಳಗಿನಿಂದ ಬೆಳಗುವ ಮುಖವನ್ನು ಎರ್ಮಿಲೊ ಬರೆದದ್ದು ಕ್ರಿಸ್‌ಮಸ್ ನಾಟಕದ ಸೈತಾನನಿಗೆ ಮಾತ್ರ. ಶನಿವಾರವೆಲ್ಲ ಬರೆದರು, ಒರೆಸಿದರು. ಆಮೇಲೆ ಕಪ್ಪು ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿದರು. ಇಟ್ಟಿಗೆ ಕೆಂಪಿಗೆ ಕಂದು ಬೆರೆಸಿ ಹಣೆಯ ಮೇಲೆ ತೆಳುವಾಗಿ ನೆರಳಿಟ್ಟು, ಅದು ಹಸಿಯಿರುವಾಗಲೇ ಒಣ ಕುಂಚದಿಂದ ಅಂಚನ್ನು ಸವರಿದರು. ಗಲ್ಲಕ್ಕೂ ಮುಂಗೈಗೂ ಕೆಂಡದ ಹೊಳಪು ಬಂತು. ಸೈತಾನ ಎಲ್ಲೂ ಕಾಣಲಿಲ್ಲ.

ಸೋಮವಾರ ಬೆಳಿಗ್ಗೆ ನಿಕಾನೊರ್ ಈರುಳ್ಳಿ ಮೂಟೆ ಹೊತ್ತು ಬಾಗಿಲು ದಾಟಿದ. ನಿಲ್ಲದೆಯೇ ಬೋರ್ಡಿನ ಕಡೆ ನೋಡಿ ಹೇಳಿದ:

“ದೊನ್ಯಾ, ಎರಡು ಹಾಕಿರಿ, ಬಂದೆ.”

ನಾಲ್ಕು ಹೆಜ್ಜೆ ಹೋದವನು ಮೂಟೆ ಸಮೇತ ತಿರುಗಿದ. ಚಿತ್ರವನ್ನು ಒಂದು ಕ್ಷಣ ದಿಟ್ಟಿಸಿ, ಬಾಣ ತೋರಿಸಿದ ಕಡೆ ನಡೆದ. ಎರ್ಮಿಲೊ ನಮ್ಮ ಅಂಗಡಿಯ ಪಪ್ಪಾಯಿಗಳ ಹಿಂದೆ ನಿಂತು ಅದನ್ನು ನೋಡಿದರು.

ಈಗ ಅವರು ಬೋರ್ಡು ಬರೆಯಲು ಹೊರಟರೆ ಕರವಸ್ತ್ರದಲ್ಲಿ ಸುತ್ತಿದ ಒಂದು ರೊಟ್ಟಿ ಜೊತೆಗಿರುತ್ತದೆ. ಕೆಲವರ ತಲೆ ಮುಕ್ಕಾಲು ರೊಟ್ಟಿ, ಕ್ಷೌರದಂಗಡಿಯವನದು ಒಂದಕ್ಕಿಂತ ಸ್ವಲ್ಪ ಹೆಚ್ಚು. ಅಳತೆ ಮುಗಿದ ಮೇಲೆ ಉಪ್ಪು ಹಚ್ಚಿಕೊಂಡು ತಿನ್ನುತ್ತಾರೆ.